ಕತ್ತು ನೋವು ಎಂದಷ್ಟೇ ಬರೆದ ದಾಖಲೆ

ಎಡೆಲಿನಾ ನುಫಾಬ್ಲೆಗೆ ಒಂದು ಕಡೆ ಸುಮ್ಮನೆ ಕೂತು ಅಭ್ಯಾಸವಿರಲಿಲ್ಲ. ಫಿಲಿಪೀನ್ಸಿನ ಇಲೊಯ್ಲೊ ನಗರದ ಆರನೇ ಮಹಡಿಯ ಆಫೀಸಿನಲ್ಲಿ ಬೆಳಗ್ಗೆ ಆರರಿಂದ ಮಧ್ಯಾಹ್ನ ಮೂರರವರೆಗೆ ಕೂರುವುದೇ ಕೆಲಸವಾದ್ದರಿಂದ ಕೂತಲ್ಲೇ ಚಡಪಡಿಸುತ್ತಿದ್ದಳು. ಚಪ್ಪಲಿ ಕಳಚುವುದು, ಮತ್ತೆ ಮೆಟ್ಟುವುದು, ಬಾಟಲಿಯಲ್ಲಿ ನೀರಿದ್ದರೂ ತುಂಬಿಸಿಕೊಳ್ಳಲು ಎದ್ದು ಹೋಗುವುದು. ವಯಸ್ಸು ನಲವತ್ತೆಂಟು. ಕಡಲತಡಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಹನ್ನೆರಡು ವರ್ಷ ನರ್ಸ್ ಆಗಿದ್ದು ಇಲ್ಲಿಗೆ ಬಂದವಳು. ಅಮೆರಿಕದ ಕ್ಲಿನಿಕ್ಕುಗಳಲ್ಲಿ ಡಾಕ್ಟರುಗಳು ಬರೆದದ್ದನ್ನು ಓದಿ ಪ್ರತಿ ಕಾಯಿಲೆಗೂ ಅದರ ಕೋಡ್ ಹಾಕುವುದು ಅವಳ ಕೆಲಸ. ಯಾವ ಚಿಕಿತ್ಸೆ ಒಪ್ಪಬೇಕು, ಯಾವುದನ್ನು ತಳ್ಳಿಹಾಕಬೇಕು ಎಂದು ವಿಮೆಯವರು ತೀರ್ಮಾನಿಸುವುದು ಆ ಕೋಡ್ ನೋಡಿಯೇ.

ಆ ಮಂಗಳವಾರ ಅವಳ ಮುಂದೆ ಬಂದದ್ದು ಅರವತ್ತೊಂದು ವರ್ಷದ ಬಡಗಿಯೊಬ್ಬನ ದಾಖಲೆ. ನಾಲ್ಕು ಸಲ ಡಾಕ್ಟರ ಬಳಿ ಹೋಗಿದ್ದಾನೆ. ನಾಲ್ಕು ಸಲವೂ ಡಾಕ್ಟರು ಬರೆದದ್ದು ಒಂದೇ: ಕತ್ತು ನೋವು, ಮಾತ್ರೆ ಮುಂದುವರಿಸಿ, ಫಿಸಿಯೋಥೆರಪಿ. ಮೊದಲ ಸಲದ ತಪ್ಪಕ್ಷರವೂ ನಾಲ್ಕನೆಯದರಲ್ಲಿ ಹಾಗೇ ಇತ್ತು. ಹಳೆಯದನ್ನೇ ಎತ್ತಿ ಅಂಟಿಸಿದ್ದರು.

ಎಡೆಲಿನಾ ಕೆಳಗಿನ ಪುಟಗಳಿಗೆ ಇಳಿದಳು. ಫಿಸಿಯೋಥೆರಪಿಯವಳು ಬರೆದಿದ್ದಳು: ಅಂಗಿಯ ಗುಂಡಿಯನ್ನು ಹೆಂಡತಿ ಹಾಕಿಕೊಡುತ್ತಾಳೆ, ಮೊಳೆ ಕೈಯಿಂದ ಜಾರುತ್ತದೆ, ದೋಣಿಯಲ್ಲಿ ನಡೆದ ಹಾಗೆ ನಡೆಯುತ್ತಾನೆ. ಸ್ಕ್ಯಾನ್ ವರದಿಯಲ್ಲಿ, ಕತ್ತಿನ ಎಲುಬು ಸವೆದು, ಅಂಚು ಬೆಳೆದು ಬೆನ್ನುಹುರಿಯನ್ನೇ ಒತ್ತುತ್ತಿದೆ ಎಂದಿತ್ತು. ಬರುವ ವಾರದಿಂದ ಅದೇ ಕತ್ತಿಗೆ ತೂಕ ಕಟ್ಟಿ ಎಳೆಯುವ ಚಿಕಿತ್ಸೆ ಬೇರೆ ನಿಗದಿಯಾಗಿತ್ತು.

ಒತ್ತಿಹೋದ ಹುರಿಯನ್ನು ಹಾಗೆ ಎಳೆದರೆ ಕೈಕಾಲೇ ಬಿದ್ದುಹೋಗಬಹುದು. ಅವಳು ತಂಡದ ಮುಖ್ಯಸ್ಥ ಜೋವೆಲ್ ಪಡಿಯೋಸನ ಮೇಜಿಗೆ ಹೋದಳು. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು; ಅವಳನ್ನು ಮನಾಂಗ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ.

"ಸರ್ ಜೋವೆಲ್, ಇದು ಬರೀ ಕತ್ತು ನೋವಲ್ಲ."

ಅವನು ನೋಡಿ ಹುಬ್ಬು ತಿಕ್ಕಿದ. "ಇರಬಹುದು ಮನಾಂಗ್. ಆದ್ರೆ ಡಾಕ್ಟ್ರು ಬರೀದೇ ಇರೋದನ್ನ ನಾವು ಹೆಂಗೆ ಕೋಡ್ ಮಾಡೋದು?"

"ಕೇಳ್ತೀನಿ ಅವ್ರನ್ನ."

"ಕೇಳಿ. ಆದ್ರೆ ಉತ್ತರ ನೀವೇ ಹೇಳ್ಕೊಟ್ಟ ಹಾಗೆ ಕೇಳ್ಬೇಡಿ. ಅದಕ್ಕೇ ಮೊದ್ಲು ಕೆಲಸ ಹೋಗೋದು."

ಎಡೆಲಿನಾ ನಿಯಮದಂತೆ ಒಂದೇ ಸಾಲು ಕಳಿಸಿದಳು: ದಯವಿಟ್ಟು ಕಾಯಿಲೆಯನ್ನು ಸ್ಪಷ್ಟಪಡಿಸಿ. ಬುಧವಾರ ಉತ್ತರವಿಲ್ಲ. ಗುರುವಾರವೂ ಇಲ್ಲ. ದಿನಕ್ಕೆ ಅರವತ್ತು ದಾಖಲೆ ಮುಗಿಸುತ್ತಿದ್ದವಳು ನಲವತ್ತಕ್ಕೆ ಇಳಿದಳು. ಮಧ್ಯಾಹ್ನದ ಬತ್ಚೋಯ್ ಸಾರು ಆರಿ ಮೇಲೆ ಕೊಬ್ಬಿನ ಕೆನೆ ಕಟ್ಟಿತು. ಪಕ್ಕದ ಮೇಜಿನ ರಿಟ್ಚೆಲ್ ಕೆಣಕಿದಳು: "ಏನ್ ಮನಾಂಗ್, ಆ ಅಮೆರಿಕದ ಬಡಗಿ ಮೇಲೆ ಮನಸ್ಸಾಯ್ತಾ? ಜೀಪ್ನಿ ಓಡಿಸೋ ನಿಮ್ ಯಜಮಾನ್ರಿಗೆ ಹೇಳ್ಲಾ?"

"ಹೇಳು. ಅವರ ಕತ್ತು ನೋಡೋಕೂ ನಂಗೆ ಪುರಸೊತ್ತಿಲ್ಲ ಅಂತಾನೂ ಹೇಳು."

ಎಡೆಲಿನಾ ನಗಿಸಿದಳೇ ಹೊರತು ತಾನು ನಗಲಿಲ್ಲ. ಅವಳ ಕಣ್ಣ ಮುಂದಿದ್ದವನು ಬೇರೊಬ್ಬ. ಆಸ್ಪತ್ರೆಯ ದಿನಗಳಲ್ಲಿ ಇಸ್ಕೊ ಎಂಬ ಬಲೆ ಹೆಣೆಯುವವನು ಬಂದು, "ಇಂದಾಯ್, ಮಗಳೇ, ಬಲೆ ಸೂಜಿ ಕೈಲಿ ನಿಲ್ತಿಲ್ಲ ಕಣಮ್ಮ" ಎಂದಿದ್ದ. ಅವಳು ಡಾಕ್ಟರಿಗೆ ಹೇಳಿದ್ದಳು. ಹೊರಗೆ ಎಂಬತ್ತು ಜನ ಸಾಲಿನಲ್ಲಿದ್ದರು. ಡಾಕ್ಟರು ತಲೆ ಎತ್ತದೆ "ಕತ್ತು ನೋವು ಅಂತ ಬರಿ" ಎಂದರು. ಬರೆದಳು. ಸೂಜಿಯ ಮಾತನ್ನು ಬರೆಯಲಿಲ್ಲ. ಏಳು ತಿಂಗಳ ಮೇಲೆ ಅವನನ್ನು ಬಿದಿರ ತಟ್ಟಿಯ ಮೇಲೆ ಹೊತ್ತು ತಂದರು. ಸೊಂಟದ ಕೆಳಗೆ ಜೀವವಿರಲಿಲ್ಲ. ಅವನು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಇಂದಿಗೂ ಅನ್ನಿಸುತ್ತದೆ.

ಶುಕ್ರವಾರ ಉತ್ತರ ಬಂತು. ಎರಡೇ ಪದ: ಕತ್ತು ನೋವು.

"ಮುಗೀತಲ್ಲ," ಎಂದ ಜೋವೆಲ್. "ಕೋಡ್ ಹಾಕಿ ಕಳಿಸಿ. ನಿಮ್ ಲೆಕ್ಕ ಕಮ್ಮಿ ಆಗ್ತಿದೆ ಅಂತ ಮೇಲಿನೋರು ನನ್ನ ಕೇಳ್ತಿದಾರೆ."

ಎಡೆಲಿನಾ ಕೂತಳು, ಎದ್ದಳು, ನೀರಿನ ಬಳಿ ಹೋಗಿ ನೀರು ಹಿಡಿಯದೆ ಬಂದಳು. ಮತ್ತೆ ನಿಯಮದ ಪುಸ್ತಕ ತೆರೆದಳು. ಕಾಯಿಲೆಯ ಹೆಸರನ್ನು ಬಾಯಿಗೆ ತುರುಕಬಾರದು, ನಿಜ. ದಾಖಲೆಯಲ್ಲೇ ಇರುವ ಮಾತನ್ನು ಡಾಕ್ಟರ ಮುಂದಿಡಬಾರದೆಂದು ಎಲ್ಲೂ ಇರಲಿಲ್ಲ. ಅವಳು ತಾರೀಖು ಹಾಕಿ ಒಂದೊಂದಾಗಿ ಬರೆದಳು: ಗುಂಡಿಯ ಮಾತು ಯಾವತ್ತಿನದು, ಮೊಳೆಯದು ಯಾವತ್ತಿನದು, ನಡಿಗೆಯದು, ಸ್ಕ್ಯಾನಿನದು ಯಾವತ್ತಿನದು, ಎಳೆತದ ಚಿಕಿತ್ಸೆ ಶುರುವಾಗುವುದು ಯಾವತ್ತು. ಕೊನೆಗೆ: ಇವುಗಳ ಬಗ್ಗೆ ತಮ್ಮ ಅಭಿಪ್ರಾಯ ದಾಖಲಿಸುವಿರಾ?

ಎರಡನೇ ಸಲ ಕೇಳಲು ಜೋವೆಲನ ಸಹಿ ಬೇಕಿತ್ತು. ಅವನು ಎರಡು ಸಲ ಓದಿದ.

"ಕಾಯಿಲೆ ಹೆಸರು ಎಲ್ಲೂ ಹಾಕಿಲ್ಲ ನೀವು."

"ಹಾಕಿಲ್ಲ."

"ನಾಳೆ ಯಾರಾದ್ರೂ ನಂಗೆ ಛೀಮಾರಿ ಹಾಕಿದ್ರೆ?"

"ನನ್ ಹೆಸ್ರು ಹೇಳು, ತೊತೊ." ಸರ್ ಎನ್ನುವುದನ್ನು ಮರೆತು, ಮನೆಯ ಹುಡುಗನನ್ನು ಕರೆದ ಹಾಗೆ ಕರೆದಿದ್ದಳು. ಅವನು ಸಹಿ ಹಾಕಿ, ಕ್ಲಿನಿಕ್ಕಿನ ದಾಖಲೆ ನೋಡಿಕೊಳ್ಳುವ ಮುಖ್ಯಸ್ಥೆಗೂ ಒಂದು ಪ್ರತಿ ಹೋಗುವಂತೆ ಮಾಡಿ ಕಳಿಸಿದ.

ಶನಿವಾರ, ಭಾನುವಾರ ಎಡೆಲಿನಾ ಮನೆಯಲ್ಲಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಗಂಡ ರೋಡೆಲ್ ಬಕೆಟ್ ಕಸಿದುಕೊಂಡ: "ಅಂಗಿ ಬಣ್ಣ ಪೂರಾ ಹೋಯ್ತು, ಬಿಡೇ ಇನ್ನ."

ಮಂಗಳವಾರ ಬೆಳಗ್ಗೆ ಹೊಸ ಪುಟವೊಂದು ಬಂದಿತ್ತು. ಸೋಮವಾರ ಬಡಗಿಯನ್ನು ಕರೆಸಿ ಕೈ, ಕಾಲು, ನಡಿಗೆ ಎಲ್ಲ ಪರೀಕ್ಷಿಸಿದ್ದರು. ಡಾಕ್ಟರು ಈ ಸಲ ಯಾವುದನ್ನೂ ಅಂಟಿಸಿರಲಿಲ್ಲ: ಕತ್ತಿನ ಎಲುಬಿನ ಸವೆತದಿಂದ ಬೆನ್ನುಹುರಿಗೆ ಪೆಟ್ಟು, ಎಳೆಯುವ ಚಿಕಿತ್ಸೆ ರದ್ದು, ತುರ್ತಾಗಿ ಶಸ್ತ್ರವೈದ್ಯರಿಗೆ ತೋರಿಸುವುದು. ಎಡೆಲಿನಾ ಹೊಸ ಕೋಡ್ ಹಾಕಿದಳು. ಅವಸರದಲ್ಲಿ ಒಂದು ಅಂಕಿ ತಪ್ಪಿತು. ಅಳಿಸಿ ಮತ್ತೆ ಹಾಕಿದಳು. ಮರುದಿನ ಬೆಳಗ್ಗೆ ಅವಳು ಬರುವಷ್ಟರಲ್ಲಿ ಶಸ್ತ್ರವೈದ್ಯರಿಗೆ ತೋರಿಸಲು ವಿಮೆಯ ಒಪ್ಪಿಗೆ ಬಂದಿತ್ತು.

ಶಸ್ತ್ರಚಿಕಿತ್ಸೆ ಆಗುವುದು ಬೇರೆ ಆಸ್ಪತ್ರೆಯಲ್ಲಿ. ಅಲ್ಲಿನ ದಾಖಲೆ ಬೇರೆಯವರ ಕೈಗೆ ಹೋಗುತ್ತದೆ. ಅವಳು ನೋಡುವಂತಿಲ್ಲ, ಕೇಳುವಂತೆಯೂ ಇಲ್ಲ. ಬಡಗಿ ಏನಾದನೆಂದು ಅವಳಿಗೆ ತಿಳಿಯಲಿಲ್ಲ.

ತಿಂಗಳ ಕೊನೆಯಲ್ಲಿ ಕೆಲಸ ಕಡಿಮೆಯಾಯಿತೆಂದು ಎಚ್ಚರಿಕೆಯ ಪತ್ರ ಬಂತು. ಅದರ ಜೊತೆಗೇ ಜೋವೆಲ್ ಇನ್ನೊಂದು ಹಾಳೆ ಕೊಟ್ಟ: ಡಾಕ್ಟರುಗಳಿಗೆ ಪ್ರಶ್ನೆ ಬರೆಯುವುದನ್ನೇ ನೋಡಿಕೊಳ್ಳುವ ಹೊಸ ವಿಭಾಗಕ್ಕೆ ಅವಳ ಹೆಸರನ್ನು ಸೂಚಿಸಿದ್ದ.

"ಅಲ್ಲಿ ಕೆಲಸ ಅಂದ್ರೆ ದಿನಪೂರ್ತಿ ಉತ್ತರಕ್ಕೆ ಕಾಯೋದು, ಮನಾಂಗ್. ನಿಮ್ಮಿಂದ ಆಗುತ್ತಾ?"

"ಆಗಲ್ಲ," ಎಂದಳು ಎಡೆಲಿನಾ. "ಎಲ್ಲಿ, ಸಹಿ ಎಲ್ಲಿ ಹಾಕ್ಬೇಕು ಹೇಳಿ."