ಚಾಂಪಿಯನ್ ಮಗಳು ಕೊಟ್ಟ ಏಳು

ಆ ಬೀದಿಯಲ್ಲಿ ಅವರನ್ನು ನಿಜವಾದ ಹೆಸರಿನಿಂದ ಕರೆಯುವವರು ಬ್ಯಾಂಕಿನವರು ಮತ್ತು ಆಸ್ಪತ್ರೆಯವರು ಮಾತ್ರ. ಉಳಿದವರಿಗೆಲ್ಲ ಅವರು ಚಾಂಪಿಯನ್. ಸಲೂನಿನ ಬೋರ್ಡಿನ ಮೇಲೂ ಅದೇ ಹೆಸರು. ಹೊಸದಾಗಿ ಬಂದ ಗಿರಾಕಿಗಳು ಇವರು ಕತ್ತರಿಯಲ್ಲೇನೋ ಪದಕ ಗೆದ್ದಿರಬೇಕೆಂದುಕೊಂಡು ಗೌರವದಿಂದ ತಲೆ ಬಗ್ಗಿಸುತ್ತಿದ್ದರು. ಹೇಗೂ ತಲೆ ಬಗ್ಗಿಸಲೇಬೇಕಾದ ಜಾಗ; ಚಾಂಪಿಯನ್ ಅವರನ್ನು ತಿದ್ದಲು ಹೋಗುತ್ತಿರಲಿಲ್ಲ.

ಬಿರುದು ಬಂದದ್ದು ಮೀಸೆ ಇನ್ನೂ ಚಿಗುರದಿದ್ದ ಕಾಲದಲ್ಲಿ. ಸಿನಿಮಾ ಥಿಯೇಟರಿನ ಹಿಂದಿನ ಓಣಿಯಲ್ಲಿ ಆಗ ಒಂದು ವಿಡಿಯೋ ಗೇಮ್ ಅಂಗಡಿಯಿತ್ತು. ಕಿಟಕಿಯಿಲ್ಲದ ಕೋಣೆ, ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳು, ಒಂದೊಂದು ಪೆಟ್ಟಿಗೆಯ ಮುಂದೆಯೂ ಬೆವರುತ್ತ ನಿಂತ ಹುಡುಗರ ಗುಂಪು. ಮೂಲೆಯ ಪೆಟ್ಟಿಗೆಯಲ್ಲಿ ಒಂದು ಹೊಡೆದಾಟದ ಆಟವಿತ್ತು. ಅದರ ಹೆಸರು ಯಾವುದೋ ಲಿಪಿಯಲ್ಲಿದ್ದು ಯಾರಿಗೂ ಓದಲು ಬಾರದ್ದರಿಂದ ಹುಡುಗರೇ ಅದಕ್ಕೆ ‘ಸಿಡಿಲು ಕಾಳಗ’ ಎಂದು ಹೆಸರಿಟ್ಟುಕೊಂಡಿದ್ದರು. ಅದರ ಜಟ್ಟಿಗಳಿಗೂ ಹೆಸರಿಟ್ಟವರು ಅವರೇ: ಸೊಟ್ಟಮೂಗ, ಕಂಬಳಿ ತಾತ, ಜಡೆಯಕ್ಕ. ಉದ್ದ ಜಡೆಯನ್ನೇ ಚಾಟಿಯಂತೆ ಬೀಸುವ ಜಡೆಯಕ್ಕನನ್ನು ಆಡಿಸುವುದರಲ್ಲಿ ನಮ್ಮ ಚಾಂಪಿಯನ್ನಿಗೆ ಸರಿಸಾಟಿಯಿರಲಿಲ್ಲ. ಸೋತವನು ಎದ್ದು, ಗೆದ್ದವನಿಗೆ ಸ್ಟೂಲು ಒರೆಸಿ ಕೊಡಬೇಕೆಂಬುದು ಆ ಅಂಗಡಿಯ ಕಾನೂನು. ಅತಿ ಹೆಚ್ಚು ಸಲ ಸ್ಟೂಲು ಒರೆಸಿದವರು ಈಗ ಸಲೂನಿನ ಎದುರಿಗೇ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾರೆ. ಅವರು ದಿನವಿಡೀ ಗಾಜು ಒರೆಸುವುದನ್ನು ನೋಡಿದಾಗಲೆಲ್ಲ ಚಾಂಪಿಯನ್ ಹೇಳುತ್ತಿದ್ದರು, “ನನ್ನ ಹತ್ರ ಕಲಿತ ವಿದ್ಯೆ.”

ಇನ್ನೊಂದು ಪಂಗಡವೂ ಆ ಅಂಗಡಿಯಲ್ಲಿತ್ತು. ನಾಣ್ಯ ಹಾಕದೆ ಬಿಟ್ಟರೆ ಪೆಟ್ಟಿಗೆ ಸುಮ್ಮನಿರುತ್ತಿರಲಿಲ್ಲ. ಜನರನ್ನು ಸೆಳೆಯಲು ತನ್ನಷ್ಟಕ್ಕೆ ತಾನೇ ಹೊಡೆದಾಡಿ ತೋರಿಸುತ್ತಿತ್ತು. ಜೇಬು ಖಾಲಿಯಿದ್ದ ಹುಡುಗರು ಆಗ ಹಿಡಿಕೆ ಹಿಡಿದು ತಿರುವುತ್ತ, ತಾವೇ ಆಡುತ್ತಿದ್ದೇವೆಂಬ ಠೀವಿಯಲ್ಲಿ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದರು. ಇದಕ್ಕೆ ‘ಒಣ ಆಟ’ ಎಂದು ಹೆಸರು. ಒಣ ಆಟದವರನ್ನು ಕಂಡರೆ ಚಾಂಪಿಯನ್ನಿಗೆ ಎಲ್ಲಿಲ್ಲದ ತಾತ್ಸಾರ. ಅಂಥವರ ಬೆನ್ನ ಹಿಂದೆ ನಿಂತು, “ಅಯ್ಯೋ, ಎಷ್ಟು ಚೆನ್ನಾಗಿ ಆಡ್ತೀಯಪ್ಪ, ಕೈ ನೋಯ್ತಿಲ್ವಾ?” ಎಂದು ಕೇಳಿ ಇಡೀ ಕೋಣೆಯನ್ನು ನಗಿಸುವುದು ಅವರ ಮೆಚ್ಚಿನ ಹವ್ಯಾಸ.

ಆಮೇಲೆ ಅಂಗಡಿ ಮುಚ್ಚಿತು, ಆಟ ಮಾಡುತ್ತಿದ್ದ ಕಂಪನಿಯೂ ಮುಳುಗಿತು. ಹುಡುಗರಿಗೆ ಮೀಸೆ ಬಂತು, ಹೊಟ್ಟೆ ಬಂತು, ಕೆಲವರಿಗೆ ಬಂದ ಕೂದಲು ಹೋಯಿತು. ಚಾಂಪಿಯನ್ನಿಗೆ ಒಬ್ಬಳು ಮಗಳು ಹುಟ್ಟಿದಳು. ಬೇರೆ ಮಕ್ಕಳಿಗೆ ರಾಜಕುಮಾರಿಯರ ಕಥೆಯಾದರೆ ಅವಳಿಗೆ ಜಡೆಯಕ್ಕನ ಕಥೆ. ಬೆಳೆದು ದೊಡ್ಡವಳಾಗಿ ಅವಳು ಒಂದು ಪತ್ರಿಕೆ ಸೇರಿ ವಿಡಿಯೋ ಗೇಮುಗಳ ವಿಮರ್ಶೆ ಬರೆಯತೊಡಗಿದಾಗ ಬೇರೆ ತಂದೆಯರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರೋ ಏನೋ. ಚಾಂಪಿಯನ್ ಮಾತ್ರ, ನ್ಯಾಯಾಧೀಶೆಯನ್ನು ಹೆತ್ತವರಂತೆ ಓಡಾಡಿದರು.

ಹೀಗಿರುವಾಗ ಸುದ್ದಿ ಬಂತು: ಸಿಡಿಲು ಕಾಳಗವನ್ನು ಯಾರೋ ಹೊಸ ಕಂಪನಿಯವರು ಮತ್ತೆ ಎಬ್ಬಿಸಿ ಕೂರಿಸಿದ್ದಾರೆ. ಹೊಸ ಚಿತ್ರ, ಹೊಸ ಸದ್ದು, ಹಳೆಯ ಜಟ್ಟಿಗಳು. ಪತ್ರಿಕೆಯ ಪರವಾಗಿ ಅದರ ವಿಮರ್ಶೆ ಬರೆಯುವವಳು ಚಾಂಪಿಯನ್ ಮಗಳು. ಬಿಡುಗಡೆಗೆ ಮೊದಲೇ ಅವಳಿಗೆ ಆಟ ಬಂತು, ಜೊತೆಗೆ ಬಿಡುಗಡೆಯ ತನಕ ಬಾಯಿ ಬಿಡಬಾರದೆಂಬ ಕರಾರೂ ಬಂತು.

“ಅಪ್ಪ, ಇದು ಮನೆಯೊಳಗಿನ ಮಾತು. ಸಲೂನಲ್ಲಿ ಒಂದಕ್ಷರ ಆಡಬಾರದು.”

“ನಾನೇನು ಊರೆಲ್ಲ ಡಂಗುರ ಹೊಡೆಯೋನಾ?” ಎಂದರು ಚಾಂಪಿಯನ್, ಡಂಗುರ ಹೊಡೆಯುವ ದನಿಯಲ್ಲಿ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಮಗಳು ಒಳಕೋಣೆಯಲ್ಲಿ ಫೋನಿನಲ್ಲಿದ್ದಳು. ಹಜಾರದ ಟಿವಿಯಲ್ಲಿ ಸಾಕ್ಷಾತ್ ಜಡೆಯಕ್ಕ ನಿಂತಿದ್ದಳು. ಈಗ ಅವಳ ಒಂದೊಂದು ಕೂದಲೂ ಬೇರೆಬೇರೆಯಾಗಿ ಕಾಣುತ್ತಿತ್ತು. ವೃತ್ತಿಯ ಕಣ್ಣಿನಿಂದ ನೋಡಿ, ಒಳ್ಳೇ ಎಣ್ಣೆ ಹಾಕಿ ಬೆಳೆಸಿದ ಕೂದಲು ಎಂದು ಚಾಂಪಿಯನ್ ಒಪ್ಪಿಕೊಂಡರು. ಸೋಫಾದ ಮೇಲೆ ಆಟದ ರಿಮೋಟು ಬಿದ್ದಿತ್ತು. ಕೈ ತೊಳೆದುಕೊಂಡು, ಒರೆಸಿಕೊಂಡು, ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಎಡಗೈ ತಾನಾಗಿಯೇ ತಿರುವಿತು, ಬಲಗೈಯ ಬೆರಳುಗಳು ತಾವಾಗಿಯೇ ಕುಟ್ಟಿದವು. ಜಡೆಯಕ್ಕ ಹಾರಿದಳು. ಜಡೆ ಬೀಸಿದಳು. ಸೊಟ್ಟಮೂಗ ನೆಲ ಕಚ್ಚಿದ. ಕೊನೆಯ ಏಟಿಗಂತೂ ಅವಳು ಮೋಡದ ಮೇಲೆ ಹೋಗಿ, ಗಿರಗಿರ ಸುತ್ತಿ, ಕೂದಲು ಬಿಚ್ಚಿ, ಮತ್ತೆ ಹೆಣೆದುಕೊಂಡು ಇಳಿದು ಹೊಡೆದಳು. ಅಷ್ಟು ಹೊತ್ತೂ ಚಾಂಪಿಯನ್ ಕುಟ್ಟುತ್ತಲೇ ಇದ್ದರು. ಮುಂದಿನ ಆಟ, ಅದರ ಮುಂದಿನದು, ಸೋಲೆಂಬುದೇ ಇಲ್ಲ.

ಅಡುಗೆಮನೆಯಿಂದ ಹೆಂಡತಿ ಕೂಗಿದರು. “ರೀ, ಬಡಿಸಿದ್ದು ಆರ್ತಾ ಇದೆ.”

“ಇರೇ, ಇನ್ನೂ ಯಾರೂ ನನ್ನ ಸೋಲಿಸಿಲ್ಲ.”

ಸಲೂನಿಗೆ ಹಿಂದಿರುಗುವಾಗ ಅವರ ನಡಿಗೆಯೇ ಬೇರೆಯಿತ್ತು. ಕುರ್ಚಿಯಲ್ಲಿ ನಿವೃತ್ತ ಮೇಷ್ಟ್ರು ಕೂತಿದ್ದರು. ವಿಡಿಯೋ ಗೇಮೆಂದರೆ ಏನೆಂದು ತಿಳಿಯದಿದ್ದರೂ ಪ್ರಶ್ನೆ ಕೇಳದೆ ಇರಲಾರದ ಮನುಷ್ಯ. ಬೆಂಚಿನ ಮೇಲೆ ಕನ್ನಡಕದಂಗಡಿಯವರು ಪೇಪರು ಹಿಡಿದಿದ್ದರು. ಕರಾರು ಚಾಂಪಿಯನ್ ನಾಲಗೆಯ ತುದಿಯಲ್ಲಿ ಸ್ವಲ್ಪ ಹೊತ್ತು ಒದ್ದಾಡಿ ಪ್ರಾಣ ಬಿಟ್ಟಿತು.

“ಕೈ ಮರೆತಿಲ್ಲ ಕಣೋ,” ಎಂದರು. “ಹೊಸ ಸಿಡಿಲು ಕಾಳಗ ಆಡಿ ಬಂದೆ. ಒಂದು ಆಟನೂ ಸೋತಿಲ್ಲ. ಆಟ ಅಂದ್ರೆ ಅದು. ಹತ್ತಕ್ಕೆ ಹತ್ತು.”

“ನಿನ್ನ ಮಗಳೂ ಹತ್ತೇ ಕೊಡ್ತಾಳಾ?” ಎಂದರು ಕನ್ನಡಕದಂಗಡಿಯವರು.

“ಮತ್ತೆ? ಜಡೆಯಕ್ಕನ ಕಥೆ ಕೇಳ್ಕೊಂಡು ಬೆಳೆದೋಳು. ಹತ್ತಕ್ಕೆ ಒಂದು ಕಡಿಮೆಯಾದ್ರೂ ನಿನ್ನ ಅಂಗಡಿಗೆ ಬಂದು ಸ್ಟೂಲು ಒರೆಸ್ತೀನಿ.”

ಮೇಷ್ಟ್ರು ಕನ್ನಡಿಯಲ್ಲೇ ಕೇಳಿದರು. “ಹತ್ತು ಅಂಕದ ಪ್ರಶ್ನೆಪತ್ರಿಕೆನಾ ಇದು?”

ಬಿಡುಗಡೆಯ ದಿನ ಬೆಳಿಗ್ಗೆ ವಿಮರ್ಶೆಗಳು ಒಟ್ಟಿಗೆ ಹೊರಬಿದ್ದವು. ಹೆಚ್ಚಿನವರು ಒಂಬತ್ತು ಕೊಟ್ಟಿದ್ದರು. ಕೆಲವರು ಮೈಮರೆತು ಹತ್ತನ್ನೇ ಕೊಟ್ಟು, ‘ಬಾಲ್ಯ ಮರಳಿ ಬಂತು’ ಎಂದು ಕಣ್ಣೊರೆಸಿಕೊಂಡಿದ್ದರು. ಎಲ್ಲರಿಗಿಂತ ಕಡಿಮೆ ಕೊಟ್ಟವಳು ಒಬ್ಬಳು. ಹತ್ತಕ್ಕೆ ಏಳು.

ಮಧ್ಯಾಹ್ನದ ಹೊತ್ತಿಗೆ ಅವಳ ಬರಹದ ಕೆಳಗೆ ಜನ ಸಾಲುಗಟ್ಟಿ ಬೈಯತೊಡಗಿದ್ದರು. ಹಳೆಯ ಆಟವನ್ನು ಕಣ್ಣಲ್ಲಾದರೂ ಕಂಡಿದ್ದೀಯಾ ಎಂದು ಒಬ್ಬ, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದು ಇನ್ನೊಬ್ಬ. ಕನ್ನಡಕದಂಗಡಿಯವರು ಬೈಯಲಿಲ್ಲ. ಬಾಗಿಲಲ್ಲಿ ಒಂದು ಸ್ಟೂಲನ್ನು ತಂದಿಟ್ಟು, ಅದರ ಮೇಲೊಂದು ಬಟ್ಟೆ ಮಡಿಸಿಟ್ಟು, ಎದುರಿನ ಸಲೂನಿನತ್ತ ನೋಡಿ ಮುಗುಳ್ನಕ್ಕರು. ಚಾಂಪಿಯನ್ ಅಂದು ಊಟಕ್ಕೆ ಹಿಂಬಾಗಿಲಿನಿಂದ ಹೊರಟರು.

“ಏನಮ್ಮಾ ಇದು?” ಎಂದರು ಮನೆ ಹೊಕ್ಕವರೇ. “ನನ್ನ ಮಾನ ಹರಾಜಿಗೆ ಬಿತ್ತಲ್ಲ. ಇನ್ನೊಂದೆರಡು ಸೇರಿಸಿ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. “ನಿನಗೆ ಬೇಕಾದವರು ಅಂತ ಯಾರಿಗಾದ್ರೂ ಒಂದು ಕಿವಿ ಪಕ್ಕ ಕೂದಲು ಜಾಸ್ತಿ ಬಿಟ್ಟು ಕಳಿಸ್ತೀಯಾ?”

“ಅದು ಬೇರೆ, ಅದು ಕೆಲಸ.”

“ಇದೂ ಕೆಲಸಾನೇ, ಅಪ್ಪ.”

“ನಾನು ಆಡಿ ನೋಡಿದೀನಿ ಪುಟ್ಟಿ. ಆವತ್ತು ನೀನು ಫೋನಲ್ಲಿದ್ದಾಗ. ಒಂದು ಆಟನೂ ಸೋಲಲಿಲ್ಲ. ಅಂಥಾ ಆಟಕ್ಕೆ ಏಳು ಅಂದ್ರೆ?”

ಈಗ ಅವಳು ತಲೆಯೆತ್ತಿದಳು. “ಯಾವ ರಿಮೋಟಲ್ಲಿ ಆಡಿದೆ?”

“ಸೋಫಾ ಮೇಲಿತ್ತಲ್ಲ, ಕರೀದು.”

ಅವಳು ಸೋಫಾದತ್ತ ನೋಡಿದಳು. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದಳು. ಕೊನೆಗೆ ಮೆಲ್ಲಗೆ ಹೇಳಿದಳು, “ಅಪ್ಪ, ಅದು ಕೆಟ್ಟುಹೋಗಿದೆ. ಅದರಲ್ಲಿ ಚಾರ್ಜೇ ನಿಲ್ಲಲ್ಲ. ನೀನು ನೋಡಿದ್ದು ಡೆಮೊ. ಯಾರೂ ಆಡದೆ ಬಿಟ್ರೆ ಅದು ತಾನೇ ಆಡಿಕೊಳ್ಳುತ್ತೆ.”

ಅಡುಗೆಮನೆಯಲ್ಲಿ ಪಾತ್ರೆಯೊಂದು ಕೈಜಾರಿತು; ಹೆಂಡತಿ ನಗು ತಡೆದುಕೊಳ್ಳಲು ಮಾಡಿದ ಪ್ರಯತ್ನದ ಸದ್ದು ಅದು. ತಡೆಯಲಾಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಹೊರಬಂದರು. “ಇನ್ನೂ ಯಾರೂ ಸೋಲಿಸಿಲ್ಲ ಅಂತ ಅಂದ್ರಲ್ರೀ.”

ಚಾಂಪಿಯನ್ನಿಗೆ ನಗು ಬರಲಿಲ್ಲ. ಒಣ ಆಟ. ಹುಡುಗನಾಗಿದ್ದಾಗ ಯಾರ್ಯಾರ ಬೆನ್ನ ಹಿಂದೆ ನಿಂತು ನಕ್ಕಿದ್ದರೋ ಅವರೆಲ್ಲ ಈಗ ಸೋಫಾದ ಹಿಂದೆ ಸಾಲಾಗಿ ನಿಂತಂತಾಯಿತು. ಇಂಥ ಕೈ, ಅದು ಹೇಗೆ ತಿಳಿಯದೆ ಹೋಯಿತು? ತಾನು ಒತ್ತಿದ್ದಕ್ಕೂ ಜಡೆಯಕ್ಕ ಹೊಡೆದದ್ದಕ್ಕೂ ಸಂಬಂಧವೇ ಇಲ್ಲವೆಂದು ಒಮ್ಮೆಯಾದರೂ ಅನುಮಾನ ಬರಬೇಡವೇ? ತಗ್ಗಿದ ದನಿಯಲ್ಲಿ ಕೇಳಿದರು.

“ಏಳು ಯಾಕೆ ಕೊಟ್ಟೆ, ಅದನ್ನಾದ್ರೂ ಹೇಳು.”

ನಿಜ ಹೇಳಬೇಕೆಂದರೆ ಅಂಕಿಯನ್ನು ನೋಡಿ ಕಂಗೆಟ್ಟ ಚಾಂಪಿಯನ್ ಅದರ ಮೇಲಿದ್ದ ಬರಹವನ್ನು ಓದಿರಲೇ ಇಲ್ಲ. ಬೈದವರಲ್ಲೂ ಬಹುಮಂದಿ ಓದಿರಲಿಲ್ಲವೆನ್ನಿ. ಮಗಳು ಓದಿ ಹೇಳಿದಳು. ಮೊದಲು ಹೊಗಳಿಕೆಯೇ ಇತ್ತು: ಹಳೆಯ ಜಟ್ಟಿಗಳನ್ನು ಪ್ರೀತಿಯಿಂದ ಮತ್ತೆ ಚಿತ್ರಿಸಿದ್ದಾರೆ, ಒಂದೊಂದು ಏಟಿಗೂ ತೂಕವಿದೆ, ಜಡೆ ಬೀಸುವ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆಮೇಲೆ ಹೀಗೆ ಬರೆದಿದ್ದಳು: ‘ಆದರೆ ದೊಡ್ಡ ಏಟು ಬಂದಾಗಲೆಲ್ಲ ಆಟ ನಮ್ಮ ಕೈಯಿಂದ ಹಿಡಿತವನ್ನು ಕಿತ್ತುಕೊಂಡು ತನ್ನ ಚೆಂದವನ್ನು ತಾನೇ ನೋಡಿಕೊಳ್ಳುತ್ತ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಆಡುವವನಿಗೂ ನೋಡುವವನಿಗೂ ವ್ಯತ್ಯಾಸವಿಲ್ಲ. ಹಳೆಯ ಆಟದಲ್ಲಿ ಗೆದ್ದರೆ ಅದು ಕೈಯ ಗೆಲುವಾಗಿತ್ತು.’

“ಇನ್ನೊಂದ್ಸಲ ಓದು,” ಎಂದರು ಚಾಂಪಿಯನ್.

ಅವಳು ಮತ್ತೆ ಓದಿದಳು. ಅವರು ತಮ್ಮ ಎರಡೂ ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡಿದರು. ಮೋಡದ ಮೇಲೆ ಜಡೆಯಕ್ಕ ಕೂದಲು ಬಿಚ್ಚಿ ಹೆಣೆದುಕೊಳ್ಳುವಾಗ ಇವು ಸುಮ್ಮನೆ ಕುಟ್ಟಿಕೊಂಡಿದ್ದವಲ್ಲ.

“ಸಂಪಾದಕರು ಫೋನ್ ಮಾಡಿದ್ರು,” ಎಂದಳು ಮಗಳು. “ಜನ ತುಂಬಾ ಬೈತಿದಾರೆ, ಎಂಟು ಮಾಡೋಣವಾ ಅಂತ ಕೇಳಿದ್ರು. ಆಗಲ್ಲ ಅಂದೆ.” ಹಾಗೆಂದವಳ ಬೆರಳು ಮಾತ್ರ ಅದೇ ಬೈಗುಳಗಳ ಪುಟವನ್ನು ಮೇಲೆ ಕೆಳಗೆ ಎಳೆಯುತ್ತಿತ್ತು. ಕಣ್ಣು ಕೆಂಪಾಗಿದ್ದುದನ್ನು ಅವರು ಆಗ ಗಮನಿಸಿದರು.

ಊಟ ಮುಗಿಸಿ ಚಾಂಪಿಯನ್ ಮುಂಬಾಗಿಲಿನಿಂದಲೇ ಹೊರಟು, ಬೀದಿಯ ನಡುಮಧ್ಯದಲ್ಲಿ ನಡೆದು ಬಂದರು. ಸಲೂನಿನಲ್ಲಿ ಸಾಕಷ್ಟು ಜನ ಸೇರಿದ್ದರು. ಕೂದಲು ಬೆಳೆಯದವರೂ ಬಂದು ಕೂತಿದ್ದರೆಂದರೆ ಯಾಕೆಂದು ಬೇರೆ ಹೇಳಬೇಕಾಗಿಲ್ಲ. ಕನ್ನಡಕದಂಗಡಿಯವರು ಸ್ಟೂಲನ್ನು ಒಳಗೇ ತಂದಿಟ್ಟಿದ್ದರು.

“ಬಾರಪ್ಪ ಚಾಂಪಿಯನ್ನು. ಹತ್ತಕ್ಕೆ ಹತ್ತು ಎಲ್ಲಿ? ಮಗಳಿಗೆ ಆಡೋಕೆ ಬರಲ್ವೋ, ಅಪ್ಪನಿಗೆ ಬರಲ್ವೋ?”

ಸುಲಭದ ದಾರಿಯೊಂದು ಇತ್ತು. ಈಗಿನ ಮಕ್ಕಳಿಗೇನು ಗೊತ್ತು ಎಂದು ಕೈ ಝಾಡಿಸಿದ್ದರೆ ಬಿರುದು ಬೋರ್ಡಿನ ಮೇಲೆ ಭದ್ರವಾಗಿರುತ್ತಿತ್ತು. ಕೂತವರೂ ಹೌದೌದೆಂದು ತಲೆಯಾಡಿಸುತ್ತಿದ್ದರು. ಚಾಂಪಿಯನ್ ಬಟ್ಟೆ ತೆಗೆದುಕೊಂಡು ಸ್ಟೂಲನ್ನು ಒರೆಸಿದರು. ಅವಸರವಿಲ್ಲದೆ, ಕಾಲುಗಳನ್ನೂ ಬಿಡದೆ ಒರೆಸಿದರು. ಆಮೇಲೆ ನೆಟ್ಟಗೆ ನಿಂತು ಹೇಳಿದರು.

“ಅಪ್ಪನಿಗೇ ಬರಲ್ಲ. ನಾನು ಆಡಿದ್ದು ಒಣ ಆಟ.”

ಕನ್ನಡಿಯಲ್ಲಿದ್ದ ಮುಖಗಳೆಲ್ಲ ಅವರತ್ತ ತಿರುಗಿದವು.

“ಕೆಟ್ಟ ರಿಮೋಟು ಹಿಡ್ಕೊಂಡು ಡೆಮೊ ಮುಂದೆ ಕೂತಿದ್ದೆ. ಹೊಡೀತಿರೋನು ನಾನೇ ಅಂದ್ಕೊಂಡು ಊಟ ಆರೋವರೆಗೂ ಕುಟ್ಟಿದೆ. ಹಳೇ ಪೆಟ್ಟಿಗೆ ಮುಂದೆ ಹಾಗೆ ಕೂತಿದ್ರೆ ಎರಡನೇ ಏಟಿಗೇ ಗೊತ್ತಾಗ್ತಿತ್ತು. ಇಲ್ಲಿ ಯಾಕೆ ಗೊತ್ತಾಗ್ಲಿಲ್ಲ? ಅಂಥಾ ಆಟದಲ್ಲಿ ಕೈಗೆ ಕೆಲಸ ಕಡಿಮೆ. ಅದನ್ನೇ ಅವಳು ಬರೆದಿರೋದು. ನೀವ್ಯಾರೂ ಓದಿಲ್ಲ, ನಾನೂ ಓದಿರಲಿಲ್ಲ. ಒಂಬತ್ತು ಕೊಟ್ಟೋರಿಗೆ ಕಾಣದೆ ಇದ್ದದ್ದು ಅವಳಿಗೆ ಕಂಡಿದೆ. ಅವಳು ಹೇಳಿದ್ದಕ್ಕೆ ಸಾಕ್ಷಿ ಬೇಕಾ? ಎದುರಿಗೇ ನಿಂತಿದ್ದೀನಿ, ನೋಡ್ಕೊಳ್ಳಿ.”

ಕನ್ನಡಕದಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಷ್ಟು ವರ್ಷದ ಸ್ಟೂಲುಗಳೆಲ್ಲ ಒಂದೇ ಸಲಕ್ಕೆ ವಸೂಲಾದವು. ಚಾಂಪಿಯನ್ ಅಡ್ಡಿಪಡಿಸದೆ ಕಾದರು. ನಗು ಇಳಿದ ಮೇಲೆ ಕನ್ನಡಕದಂಗಡಿಯವರು ಫೋನು ತೆಗೆದು, ಕನ್ನಡಕ ಹಣೆಗೇರಿಸಿ, ತುಟಿಯಾಡಿಸುತ್ತ ಆ ಬರಹವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

“ಸರಿಯಾಗೇ ಬರೆದಿದ್ದಾಳೆ ಕಣೋ,” ಎಂದರು. “ಹೀಗಿದ್ರೆ ಏಳೂ ಜಾಸ್ತಿನೇ ಆಯ್ತು. ನಿನ್ನಂಥೋನು ಕೂಡ ಮೋಸ ಹೋದ ಅಂದ ಮೇಲೆ ಐದು ಸಾಕಾಗಿತ್ತು.”

“ಕೊಡೋನು ನೀನಲ್ಲ,” ಎಂದರು ಚಾಂಪಿಯನ್. ಅವರ ದನಿಯಲ್ಲಿ ಹಳೆಯ ಠೀವಿ ಪೂರ್ತಿ ಮರಳಿತ್ತು. “ಜಡೆ ಬೀಸೋ ಸದ್ದಿಗೆ ಮೈ ಜುಮ್ಮೆನ್ನುತ್ತೆ ಅಂತಾನೂ ಬರೆದಿದ್ದಾಳೆ, ಓದಿದ್ಯಾ? ಅದೂ ನಿಜವೇ. ಎರಡೂ ಕಡೆ ನೋಡಿ, ತೂಗಿ ಹಾಕಿದ್ದಾಳೆ. ಸಂಪಾದಕರು ಕೇಳಿದ್ರೂ ಎಂಟು ಮಾಡ್ಲಿಲ್ಲ. ನೀನು ಕೇಳಿದ್ರೂ ಐದು ಮಾಡಲ್ಲ.”

ಕುರ್ಚಿಯಲ್ಲಿದ್ದ ಮೇಷ್ಟ್ರು ಬಿಳಿಬಟ್ಟೆಯೊಳಗಿನಿಂದ ಒಂದು ಬೆರಳೆತ್ತಿದರು. “ಕೊನೆಗೆ ಎಷ್ಟು ಅಂತ ಇಟ್ಕೊಳ್ಳೋಣ?”

“ಏಳು, ಮೇಷ್ಟ್ರೇ,” ಎಂದು ಚಾಂಪಿಯನ್ ಕತ್ತರಿ ಎತ್ತಿಕೊಂಡರು. “ಏಳು ಅಂದ್ರೆ ಏಳೇ.”