ಮಗ್ಗ ನಿಲ್ಲಿಸಿ ಕೇಳಿದ ಜಾಜ್

ಹೋದ ವಾರ ಎದುರುಮನೆ ಖಾಲಿ ಮಾಡುವಾಗ ತುತ್ತೂರಿ ತಾತನ ಮಗಳು ಒಂದು ಹಳೆಯ ಗ್ರಾಮಫೋನ್ ರೆಕಾರ್ಡನ್ನು ನನ್ನ ಕೈಗಿಟ್ಟು ಹೋದಳು. ರಟ್ಟಿನ ಹೊದಿಕೆಯ ಮೇಲೆ ಕೆನ್ನೆ ಉಬ್ಬಿಸಿಕೊಂಡು ಟ್ರಂಪೆಟ್ ಊದುತ್ತಿರುವ ಮನುಷ್ಯ. ಮೂಗಿನ ಹತ್ತಿರ ಹಿಡಿದರೆ ನುಸಿಗುಳಿಗೆಯ ವಾಸನೆ. ತಾತನ ಕೋಟೂ ಹೀಗೇ ನಾರುತ್ತಿತ್ತು...

ತಾತ ಮಿಲಿಟರಿ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ, ನಿವೃತ್ತರಾಗಿ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬಂದವರು. ನೆಮ್ಮದಿ ಹುಡುಕಿಕೊಂಡು ಬರುವ ಜಾಗವೇ ಇದು! ಎರಡೂ ಕಡೆ ಮಗ್ಗದ ಮನೆಗಳು. ಕರೆಂಟಿದ್ದರೆ ಮಗ್ಗಗಳ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸದು. ಕರೆಂಟ್ ಹೋದರೆ ಬೀದಿ ತೆಪ್ಪಗಾಗುತ್ತಿತ್ತು, ಜೊತೆಗೆ ತಾತನ ರೆಕಾರ್ಡ್ ಪ್ಲೇಯರೂ ತೆಪ್ಪಗಾಗುತ್ತಿತ್ತು. ಆಗ ಅವರು ಇದೇ ರೆಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಸುಮ್ಮನೆ ಕೂರುವುದನ್ನು ನೋಡಿ ನಮಗೆಲ್ಲ ನಗು.

"ಇದು ಹಾರ್ಡ್ ಬಾಪ್ ಕಣಮ್ಮ, ಜಾಜ್‌ನಲ್ಲಿ ಒಂದು ಥರ. ತುತ್ತೂರಿಯವನೇ ಯಜಮಾನ" ಎನ್ನುತ್ತಿದ್ದರು. ನನಗೆ ಅರ್ಥವಾಗಿದ್ದು ಯಜಮಾನ ಅನ್ನುವುದೊಂದೇ.

ಅವರ ಒಂದು ಕಿವಿ ಆಗಲೇ ಹೋಗಿತ್ತು. ಇನ್ನೊಂದೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ಸಂಜೆ ತಾತ ಬಂದು ನಮ್ಮ ಅತ್ತೆಯ ಮುಂದೆ ನಿಂತರು. ಅಂಥ ಎತ್ತರದ ಆಳು ಕೈಕಟ್ಟಿಕೊಂಡು ನಿಂತಿದ್ದು ನೋಡಿ ನನಗೆ ಸಂಕಟವಾಯಿತು.

"ಒಂದೇ ಒಂದ್ಸಲ ಆ ರೆಕಾರ್ಡ್ ಪೂರ್ತಿ ಕೇಳ್ಬೇಕು ಅಂತ ಆಸೆ ತಾಯೀ. ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸ್ತೀರಾ?"

ಅತ್ತೆಯ ಬಾಯಿ ಜೋರು, ಕರುಳು ಮೆತ್ತಗೆ. "ಅದಕ್ಕೇನಂತೆ ಬಿಡಿ. ಒಂದ್ ಗಳಿಗೆ ನಿಲ್ಸಿದ್ರೆ ಸೀರೆಗಳೇನ್ ಎದ್ದು ಓಡೋಗ್ತಾವಾ?" ಎಂದವರೇ ಮನೆಮನೆಗೂ ಹೋಗಿ ದಬಾಯಿಸಿ ಒಪ್ಪಿಸಿ ಬಂದರು.

ಮಾರನೆಯ ಮಧ್ಯಾಹ್ನ ಇಡೀ ಬೀದಿಯ ಮಗ್ಗಗಳು ನಿಂತವು. ತಾತ ರೆಕಾರ್ಡ್ ಹಾಕಿ ಮುಳ್ಳು ಇಟ್ಟರು. ಟ್ರಂಪೆಟ್ ಏರುವಷ್ಟರಲ್ಲಿ ನಮ್ಮ ಮನೆಯ ತೊಟ್ಟಿಲಲ್ಲಿದ್ದ ನನ್ನ ಮಗ ಕಿಟಾರನೆ ಕಿರುಚಿಕೊಂಡ. ಮಗ್ಗದ ಬೀದಿಯ ಕೂಸುಗಳು ಸದ್ದಿಗೆ ಮಲಗುತ್ತವೆ, ಸದ್ದು ನಿಂತರೆ ಏಳುತ್ತವೆ. ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಎತ್ತಿ ಆಡಿಸಿದರೂ ಹಾಲು ಕೊಟ್ಟರೂ ಬಾಯಿ ಮುಚ್ಚಲಿಲ್ಲ. ನಾಚಿಕೆಯಿಂದ ಸತ್ತುಹೋದೆ. ತಾತ ಬಾಗಿಲಿಗೆ ಬಂದು, "ತತ್ತಾಮ್ಮ ಇಲ್ಲಿ" ಎಂದು ಕೈಚಾಚಿದರು.

ನಾನೂ ಹಿಂದೆಯೇ ಹೋದೆ. ಕಿವುಡು ಕಿವಿಯ ಕಡೆಯ ಹೆಗಲ ಮೇಲೆ ಕೂಸನ್ನು ಹಾಕಿಕೊಂಡು, ತಮ್ಮ ಮನೆಯಲ್ಲಿ ಪ್ಲೇಯರ್ ಪಕ್ಕ ಕೂತು, ಡ್ರಮ್ಮಿನ ಏಟಿಗೆ ಸರಿಯಾಗಿ ಬೆನ್ನು ತಟ್ಟತೊಡಗಿದರು. ಆ ಡ್ರಮ್ಮಿನವನೂ ನಮ್ಮ ಮಗ್ಗದ ಹಾಗೆ ಬಿಡುವಿಲ್ಲದೆ ಬಡಿಯುತ್ತಿದ್ದ. ಮಗನಿಗೆ ನಿದ್ದೆ ಹತ್ತಿತು. ತಾತ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು...

ಸ್ವಲ್ಪ ಹೊತ್ತಿಗೆ ಸಂಗೀತ ನಿಂತು ಬರೀ ಕರಕರ ಸದ್ದು. "ಮುಗೀತಾ ತಾತ?" ಎಂದೆ. ಅವರು ಏಳಲು ಹೋದರು. ಮಗ ಮುಲುಗಿದ. ಮತ್ತೆ ಹಾಗೇ ಕೂತು, "ಹ್ಞೂಂ ಕಣಮ್ಮ, ಮುಗೀತು. ಮಗ್ಗ ಹಾಕ್ಕೊಳ್ಳಿ, ಕೂಸು ಮಲಗ್ಲಿ" ಎಂದರು. ಬೀದಿ ಮತ್ತೆ ಗದ್ದಲಕ್ಕೆ ಬಿತ್ತು. ಮತ್ತೊಮ್ಮೆ ನಿಲ್ಲಿಸಿ ಎಂದು ಅವರು ಕೇಳಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಇನ್ನೊಂದು ಕಿವಿಯೂ ಹೋಯಿತು. ಕೆಲವು ವರ್ಷಗಳ ಮೇಲೆ ತಾತನೂ...

ನಿನ್ನೆ ಮಗ ಸ್ನೇಹಿತನ ಮನೆಯಿಂದ ಪ್ಲೇಯರ್ ತಂದು ಆ ರೆಕಾರ್ಡ್ ಹಾಕಿದ. ಕರಕರ ಸದ್ದು ಬಂದಾಗ, "ಮುಗೀತು, ತೆಗಿಯೋ" ಎಂದೆ.

"ಎಲ್ ಮುಗೀತಮ್ಮ? ಇನ್ನೊಂದ್ ಕಡೆ ಪೂರ್ತಿ ಇದೆ" ಎಂದು ಅವನು ರೆಕಾರ್ಡನ್ನು ಮಗುಚಿ ಹಾಕಿದ.

ಟ್ರಂಪೆಟ್ ಮತ್ತೆ ಶುರುವಾಯಿತು. ರೆಕಾರ್ಡಿಗೆ ಎರಡು ಕಡೆ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕಾಲಿಗೆ ಬೀಳೋಣವೆಂದರೆ ಆ ಮನುಷ್ಯನೇ ಇಲ್ಲ. ಅಳು ತಡೆಯಲಾಗಲಿಲ್ಲ.

"ಯಾಕಮ್ಮ, ಏನಾಯ್ತು?" ಎಂದ ಮಗ.

"ಸುಮ್ನೆ ಕೂತ್ಕೊಂಡು ಕೇಳೋ" ಎಂದೆ. "ಇದು ತಾತ ನಿಂಗೋಸ್ಕರ ಕೇಳ್ದೇ ಬಿಟ್ಟಿದ್ದು."