ಮಾದಿಹಳ್ಳಿಯಿಂದ ಬರಬೇಕಿದ್ದ ವಿಡಿಯೋ

ಸಿಗ್ನಲ್ಲಿನ ನಾಲ್ಕು ಕಡ್ಡಿಗಳೂ ನೆಟ್ಟಗೆ ನಿಂತಿರುತ್ತವೆ, ಆದರೆ ಪರದೆಯ ಮೇಲೆ ಏನೂ ಬರುವುದಿಲ್ಲ. ಮೊದಲೆಲ್ಲ ನಾನು ಟವರಿಗೆ ಬೈಯುತ್ತಿದ್ದೆ. ಬೈಯುವುದರಲ್ಲಿ ನನಗೆ ಯಾವತ್ತೂ ಜಿಪುಣತನವಿಲ್ಲ. ಅರಸೀಕೆರೆಯ ಕಾಲೇಜೊಂದರ ಆಫೀಸಿನಲ್ಲಿ ಕೂತು ಸುತ್ತೋಲೆಗಳನ್ನು ಕಡೆಯ ಸಾಲಿನವರೆಗೂ ಓದುವ ಕೆಲಸ ನನ್ನದು. ಒಂದು ದಿನ ರೀಚಾರ್ಜ್ ಪ್ಯಾಕಿನ ಕೆಳಗಿದ್ದ ಸಣ್ಣಕ್ಷರವನ್ನೂ ಹಾಗೇ ಓದಿದೆ. ದಿನದ ಡೇಟಾ ಮುಗಿದ ಮೇಲೆ ನೆಟ್ ಕಟ್ ಮಾಡುವುದಿಲ್ಲ, ವೇಗ ಇಳಿಸುತ್ತಾರೆ. ಅಂದರೆ ಟವರಿನದೇನೂ ತಪ್ಪಿಲ್ಲ. ನಮ್ಮ ಪಾಲಿನ ನಲ್ಲಿಯನ್ನು ಹನಿ ತೊಟ್ಟಿಕ್ಕುವಷ್ಟು ಮಾತ್ರ ಬಿಟ್ಟು ತಿರುಪಿಟ್ಟಿರುತ್ತಾರೆ. ಬರೀ ಅಕ್ಷರದ ಮೆಸೇಜು ಹೇಗೋ ನುಸುಳುತ್ತದೆ, ಫೋಟೋ ಏದುಸಿರು ಬಿಡುತ್ತಾ ಬರುತ್ತದೆ, ವಿಡಿಯೋ ಮಾತ್ರ ಅರ್ಧ ದಾರಿಯಲ್ಲೇ ಕೂತುಬಿಡುತ್ತದೆ. ಮಾರನೆಯ ದಿನ ಮತ್ತೆ ಪೂರ್ತಿ ಬಿಡುತ್ತಾರೆ.

ಇದನ್ನು ಮಾದಿಹಳ್ಳಿಯಲ್ಲಿದ್ದ ನನ್ನ ಅಕ್ಕನಿಗೆ ವಿವರಿಸಿ ವಿವರಿಸಿ ಸಾಕಾಗಿತ್ತು. ಅವಳ ಡೇಟಾ ಬೆಳಗಿನ ತಿಂಡಿ ಹೊತ್ತಿಗೇ ಖಾಲಿ. ನಮ್ಮ ಮಠದ ಬೆಳಗಿನ ಪೂಜೆ ಲೈವ್ ಬರುತ್ತದೆ. ಅಕ್ಕ ಸ್ನಾನ ಮಾಡಿ, ಫೋನಿಗೂ ಒಂದು ಬೊಟ್ಟು ವಿಭೂತಿ ಇಟ್ಟು, ದೇವರ ಗೂಡಿನಲ್ಲಿ ಅದನ್ನು ಒರಗಿಸಿ ಲೈವ್ ಹಾಕುತ್ತಿದ್ದಳು. ಆಮೇಲೆ ಕೊಟ್ಟಿಗೆಗೆ ಹೋಗಲಿ, ಒಲೆ ಮುಂದೆ ಕೂರಲಿ, ನೋಡುವವರು ಯಾರೂ ಇಲ್ಲದಿರಲಿ, ಮಂಗಳಾರತಿ ಆಗುವ ತನಕ ಅದನ್ನು ನಿಲ್ಲಿಸುವಂತಿಲ್ಲ. ಪೂಜೆಯ ನಡುವೆ ಎದ್ದು ಹೋಗುವುದು ಎಷ್ಟು ತಪ್ಪೋ, ಲೈವ್ ಆರಿಸುವುದೂ ಅಷ್ಟೇ ತಪ್ಪು ಅನ್ನುವುದು ಅವಳ ಲೆಕ್ಕ. ಡೇಟಾ ಉಳಿಯಲಿ ಎಂದು ನಾನು ವಿಡಿಯೋದ ಗುಣಮಟ್ಟ ಇಳಿಸಿಟ್ಟು ಬಂದರೆ, ಯಾರನ್ನೋ ಹಿಡಿದು ಮತ್ತೆ ಏರಿಸಿಕೊಂಡಿದ್ದಳು.

"ಸ್ವಾಮಿ ಮುಖ ಮಂಕಾಗಿ ಕಾಣ್ತದೆ ಕಣೇ. ಅದೆಂಗೆ ಕೈ ಮುಗಿಯೋದು?"

"ಆಮೇಲೆ ದಿನವೆಲ್ಲಾ ನೆಟ್ ತೆವಳುತ್ತಲ್ಲಕ್ಕ."

"ತೆವಳ್ಕೊಂಡಾದ್ರೂ ಹೋಯ್ತದಲ್ಲ, ಬಿಡು."

ಆ ದಿನ ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಮಾತಿಗೆ ಡೇಟಾದ ಹಂಗಿಲ್ಲವಲ್ಲ, ದನಿ ಪಕ್ಕದಲ್ಲೇ ಕೂತ ಹಾಗಿತ್ತು. ನನಗೊಂದು ವಿಡಿಯೋ ಕಳಿಸಿದ್ದಾಳಂತೆ, ನೋಡಿದೆಯಾ ಅಂದಳು. ಬಂದಿಲ್ಲ ಅಂದೆ. "ಇಲ್ಲಿ ಗುಂಡಗೆ ತಿರುಗ್ತಾನೇ ಐತೆ" ಅಂದಳು. ಏನದು, ಬಾಯಲ್ಲೇ ಹೇಳು ಅಂದರೆ ನಕ್ಕಳು. "ನೋಡಿದ್ಮೇಲೆ ಗೊತ್ತಾಗ್ತದೆ. ಈಗಲೇ ಹೇಳ್ಬಿಟ್ರೆ ಏನು ಚೆಂದ?"

ಸಂಜೆ ಡೇರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತಳಂತೆ. ಕೂತವಳು ಮತ್ತೆ ಏಳಲಿಲ್ಲ.

ಮಣ್ಣು ಮುಗಿಯಿತು, ಕಾರ್ಯವೂ ಮುಗಿಯಿತು. ಚಾರ್ಜ್ ಇಲ್ಲದೆ ಆರಿಹೋಗಿದ್ದ ಅವಳ ಫೋನು ದೇವರ ಗೂಡಿನಲ್ಲೇ ಇತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಚಾರ್ಜಿಗೆ ಹಾಕಿ ತೆರೆದಿದ್ದರೆ ಅವಳು ಕಳಿಸಹೊರಟದ್ದು ಏನೆಂದು ಅಲ್ಲೇ ನೋಡಬಹುದಿತ್ತು. ನಾನು ಮುಟ್ಟಲಿಲ್ಲ. ಯಾಕೆಂದು ಆಗ ಯಾರಾದರೂ ಕೇಳಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆ. ನಿಜ ಇಷ್ಟೇ: ಅದನ್ನು ನೋಡುವ ತನಕ ಅಕ್ಕ ನನಗೆ ಹೇಳಬೇಕಾದದ್ದು ಇನ್ನೂ ಒಂದು ಬಾಕಿ ಇರುತ್ತದೆ. ಹೇಳಬೇಕಾದದ್ದು ಬಾಕಿ ಇರುವವಳು ಪೂರ್ತಿ ಹೋಗಿರುವುದಿಲ್ಲ. ಹೀಗೆ ನಂಬಿಕೊಂಡು ನಾನು ಅರಸೀಕೆರೆಗೆ ವಾಪಸು ಬಂದೆ, ಡ್ಯೂಟಿಗೆ ಹೋದೆ, ಸಾರಿಗೆ ಉಪ್ಪು ಹಾಕುವುದನ್ನು ಮರೆತೆ.

ಅವಳು ಹೋದ ದಿನ ಸಂಜೆ, ಸುದ್ದಿ ಬರುವ ಮೊದಲು, "ಇನ್ನೂ ಬಂದಿಲ್ಲಕ್ಕ" ಎಂದು ಒಂದು ಮೆಸೇಜು ಹಾಕಿದ್ದೆ. ಅದರ ಪಕ್ಕ ಒಂದೇ ಒಂದು ಗೀಟು ನಿಂತಿತ್ತು. ನನ್ನ ಫೋನಿಂದ ಹೊರಟಿದೆ, ಅಲ್ಲಿಗೆ ತಲುಪಿಲ್ಲ ಎಂದು ಅದರರ್ಥ. ದಿನಾ ಅದನ್ನು ತೆಗೆದು ನೋಡುತ್ತಿದ್ದೆ. ಒಂದು ಬೆಳಿಗ್ಗೆ ದೋಸೆ ಮಗುಚುತ್ತಾ ನೋಡಿದರೆ ಗೀಟು ಎರಡಾಗಿತ್ತು. ಸಟ್ಟುಗ ಕೈಯಿಂದ ಜಾರಿತು. ಆ ಫೋನಿಗೆ ಜೀವ ಬಂದು ನೆಟ್ ಸಿಕ್ಕಿದೆ, ಬೇರೇನಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೇನು? ಮಾದಿಹಳ್ಳಿಯ ಆ ಮನೆಯಲ್ಲಿ ಯಾರೋ ನನ್ನ ಮಾತನ್ನು ಈಗ ತಾನೇ ಕೇಳಿಸಿಕೊಂಡಿದ್ದಾರೆ ಅನ್ನಿಸಿತು.

ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಅಕ್ಕನ ಗಂಡ, ನನ್ನ ಭಾವ, ಅವಳ ಫೋನಿಗೆ ರೀಚಾರ್ಜ್ ಮಾಡಿಸಿದ್ದರು. ಮಾತಾಡುವುದು ಬಿಟ್ಟರೆ ಅವರಿಗೆ ಫೋನಿನಲ್ಲಿ ಬರುತ್ತಿದ್ದುದು ಒಂದೇ, ಲೈವ್ ಹಾಕುವುದು. "ಅವಳು ನಡೆಸ್ಕೊಂಡು ಬಂದಿದ್ದು ನಿಲ್ಲಬಾರ್ದು ಕಣಮ್ಮ" ಅಂದರು. ಅಂದಿನಿಂದ ದಿನಾ ಬೆಳಿಗ್ಗೆ ಯಾರೂ ಇಲ್ಲದ ದೇವರ ಕೋಣೆಯಲ್ಲಿ ಲೈವ್ ಓಡುತ್ತಿತ್ತು, ಮಂಗಳಾರತಿಯ ಹೊತ್ತಿಗೆ ಡೇಟಾ ಖಾಲಿಯಾಗುತ್ತಿತ್ತು. ನಾನು ಒಂದು ಮಾತೂ ಬೈಯಲಿಲ್ಲ. ಅರ್ಧಕ್ಕೆ ನಿಂತ ವಿಡಿಯೋ ಹಾಗೆ ತಾನಾಗಿ ಹೊರಡುವುದಿಲ್ಲ, ಯಾರಾದರೂ ಮತ್ತೆ ಒತ್ತಬೇಕು. ಭಾವನಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಿಕೊಡಲೂ ಇಲ್ಲ.

ಆಮೇಲೊಂದು ದಿನ ಸ್ವಾಮೀಜಿಯವರು ಪ್ರವಾಸದಲ್ಲಿದ್ದರು, ಲೈವ್ ಇರಲಿಲ್ಲ. ಭಾವ ಅದು ಯಾಕೆ ಬರುತ್ತಿಲ್ಲವೆಂದು ಮಧ್ಯಾಹ್ನದ ತನಕ ಸಿಕ್ಕಿದ್ದನ್ನೆಲ್ಲ ಒತ್ತಿದ್ದಾರೆ. ಆ ದಿನದ ಡೇಟಾ ಹಾಗೇ ಮುಟ್ಟದೆ ಉಳಿದಿತ್ತು, ಅಕ್ಕನ ಫೋನಿಗೆ ಪೂರ್ತಿ ವೇಗವಿತ್ತು.

ನಾನು ಆಫೀಸಿನಲ್ಲಿದ್ದೆ. ಟೇಬಲ್ಲಿನ ಮೇಲೆ ಫೋನು ಗುರ್ ಎಂದಿತು. ಅಕ್ಕನ ಹೆಸರು. ಕೆಳಗೆ ವಿಡಿಯೋ.

ಪಕ್ಕದ ಸೀಟಿನವರು "ಏನಾಯ್ತು ಮೇಡಂ, ನೀರು ತರಲಾ?" ಅಂದರು. ಬೇಡವೆಂದು ತಲೆಯಾಡಿಸಿದೆ. ಬೆಳಗಿನಿಂದ ಆಫೀಸಿನ ಇಂಟರ್ನೆಟ್ ಕೆಟ್ಟು, ನನ್ನ ಹಾಟ್‌ಸ್ಪಾಟಿನಲ್ಲೇ ಕಂಪ್ಯೂಟರ್ ಓಡಿಸಿದ್ದೆವು. ನನ್ನ ಡೇಟಾ ಮುಗಿದಿತ್ತು. ಈಗ ತೆವಳುವ ಸರದಿ ನನ್ನದು. ವಿಡಿಯೋದ ಜಾಗದಲ್ಲಿ ಬರೀ ಮಸುಕು: ಕೆಳಗೆ ಕಂದು, ಮೇಲೆ ಹಸಿರು. ಅವಳಿಗೊಂದು ಹಸಿರು ಸೀರೆ ಇತ್ತು. ನಡುವೆ ತಿರುಗುವ ಗುಂಡು. ಹೆಚ್ಚುವರಿ ಡೇಟಾ ಹಾಕಿಸಿಕೊಂಡಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಬರುತ್ತಿತ್ತು. ಹಾಕಿಸಲಿಲ್ಲ. ಬೇಡವೆಂದು ನಿಲ್ಲಿಸಲೂ ಇಲ್ಲ. ಬರಲಿ ಅನ್ನಿಸುತ್ತಿತ್ತು, ಬರದಿರಲಿ ಎಂದೂ ಅನ್ನಿಸುತ್ತಿತ್ತು. ಫೋನನ್ನು ಮಗುಚಿಟ್ಟರೆ ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತಿತ್ತು, ಮತ್ತೆ ಎತ್ತಿ ನೋಡುತ್ತಿದ್ದೆ.

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಗುಂಡು ನಿಂತಿತ್ತು. ಒತ್ತಿದೆ.

ಕೊಟ್ಟಿಗೆ. ಒದ್ದೆ ಹುಲ್ಲಿನ ಮೇಲೆ ಒಂದು ಎಳೆಗರು, ಕಾಲು ನಿಲ್ಲದೆ ತೂರಾಡುತ್ತಿದೆ. ಸಾವಿನ ಮನೆಯಲ್ಲಿ ಆ ಕರುವನ್ನು ನಾನು ನೋಡಿದ್ದೆ, ಯಾವಾಗ ಹುಟ್ಟಿತೆಂದು ಕೇಳುವ ಹೊತ್ತಾಗಿರಲಿಲ್ಲ. ಫೋನು ಒಮ್ಮೆ ನೆಲ ತೋರಿಸಿ, ಸೂರು ತೋರಿಸಿ, ಕಡೆಗೆ ಅಕ್ಕನ ಮುಖಕ್ಕೆ ತಿರುಗಿತು. ಹಸಿರು ಸೀರೆಯೇ. ಬೆವರಿದ್ದಳು.

"ನೋಡಿದ್ಯೇನೇ? ಬೆಳಗ್ಗೆ ತಾನೇ ಹಾಕ್ತು. ಹೆಣ್ಗರ! ನಿಂಗೆ ಗಿಣ್ಣು ತಂದ್ಕೊಡಾನ ಅಂತಿದ್ದೆ, ಆದ್ರೆ ಈ ಎಳೇದನ್ನ ಬಿಟ್ಟು ಎಂಗೆ ಬರ್ಲಿ? ಅದ್ಕೇ ವಿಡಿಯೋ ಕಳುಸ್ತಾ ಇವ್ನಿ. ಇದು ನಿಂಗೆ ಬಂದ್ರೆ ನಾನು ಬರಲ್ಲ. ನಿನ್ನ ಹಾಳು ನೆಟ್ಟಲ್ಲಿ ಬರ್ಲಿಲ್ಲ ಅಂದ್ರೆ ಏನಾರ ಆಗ್ಲಿ, ನಾನೇ ಬತ್ತೀನಿ ಕಣೇ."

ಅಷ್ಟೇ. ಕರು ಒಮ್ಮೆ ಕೂಗಿತು, ಚಿತ್ರ ನಿಂತಿತು. ನಾನು ಹೊಸಿಲ ಮೇಲೇ ಕೂತುಬಿಟ್ಟೆ. ಇಷ್ಟು ದಿನ ಬಾಗಿಲು ಸದ್ದಾದಾಗಲೆಲ್ಲ ಅಕ್ಕನೇ ಬಂದಳೇನೋ ಎಂದು ತಿರುಗಿ ನೋಡುತ್ತಿದ್ದೆ. ಇನ್ನು ಹಾಗೆ ತಿರುಗಿ ನೋಡುವಂತಿಲ್ಲ, ಅದಕ್ಕೇ ಅಳು ಬಂತು.

ಫೋನು ಮತ್ತೆ ಬಡಿದುಕೊಂಡಿತು. ಅಕ್ಕನ ನಂಬರಿನಿಂದ ಭಾವ. ಮಧ್ಯಾಹ್ನ ಏನೋ ಒತ್ತಿಬಿಟ್ಟೆ, ನಿಂಗೇನೋ ಬಂತೇನಮ್ಮ ಎಂದು ಗಾಬರಿಯಲ್ಲಿದ್ದರು. ಬಂತು, ಅಕ್ಕನದೇ ಒಂದು ವಿಡಿಯೋ ಅಂದೆ. ಭಾವ ಮೆಲ್ಲಗೆ ಕೇಳಿದರು.

"ಏನಂದ್ಲು?"

"ಬರಲ್ವಂತೆ ಭಾವ," ಅಂದೆ.